ಲಕ್ಕಮ್ಮನ ಬಾವಿಯ ಅಳತೆ

ಹೋದ ವಾರ ಅಜ್ಜಂಪುರದಲ್ಲಿ ನಮ್ಮ ಮನೆಯ ಹಿಂದಿನ ಓಣಿಗೆ ಬೋರ್ ಕೊರೆಯುವ ಲಾರಿ ಬಂತು. ಬೆಳಿಗ್ಗೆ ಶುರುವಾದ ಗದ್ದಲ ಮಧ್ಯಾಹ್ನದ ಊಟದ ಹೊತ್ತಿಗೂ ನಿಂತಿರಲಿಲ್ಲ. ಗದ್ದಲಕ್ಕೆ ನನ್ನ ತಕರಾರಿಲ್ಲ. ಪಂಚಾಯ್ತಿ ಕಚೇರಿಗಳಲ್ಲಿ ಇಷ್ಟು ವರ್ಷ ಕೂತು ಎದ್ದ ಕಿವಿ ಇದು, ಬೈಗುಳವನ್ನೂ ಭಾಷಣವನ್ನೂ ಒಂದೇ ಸಮ ಕೇಳಿಸಿಕೊಂಡಿದೆ. ಆದರೆ ಕಿಟಕಿಯಿಂದ ಆ ವಾಸನೆ ಬಂತು ನೋಡಿ, ಕಲ್ಲಿನ ಹಿಟ್ಟಿಗೆ ನೀರು ತಾಗಿದಾಗ ಬರುವ ಹಸಿ ವಾಸನೆ, ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು. ಪಕ್ಕದ ಮನೆಯಾಕೆ "ನೀರು ಬಂತಂತೆ ಮೇಡಂ, ಬನ್ನಿ ನೋಡೋಣ" ಎಂದು ಕರೆದರು. ನಾನು ಕಿಟಕಿ ಮುಚ್ಚಿ ಒಳಗೇ ಕೂತೆ.

ಆ ವಾಸನೆ ಬಂದರೆ ನನಗೆ ಕಡೂರು ತಾಲ್ಲೂಕಿನ ಒಂದು ವರ್ಷ ನೆನಪಾಗುತ್ತದೆ. ಪಂಚನಹಳ್ಳಿಗೂ ಸಿಂಗಟಗೆರೆಗೂ ನಡುವೆ ಎಲ್ಲೋ ಒಂದು ಪಂಚಾಯ್ತಿ ಅಂದುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯವರಿಗೆ ಬೇಸರ, ನನಗೆ ನಾಚಿಕೆ. ಅಲ್ಲಿಗೆ ನಾನು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯಾಗಿ ಹೋದೆ. ನಾನು ಹುಟ್ಟಿದ್ದು ತರೀಕೆರೆ ಕಡೆಯ ನಾಲೆಯ ಊರಿನಲ್ಲಿ. ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಪರೀಕ್ಷೆಗೆ ಓದಿದವಳು. ನೀರಿಲ್ಲದ ಊರಿನವರಿಗೆ ನೀರಿನ ಪಾಠ ಹೇಳಲು ಸರ್ಕಾರ ನನ್ನನ್ನೇ ಆರಿಸಿ ಕಳಿಸಿತ್ತು!

ಆ ವರ್ಷ ಅಂತರ್ಜಲ ಕಾಪಾಡುವ ಯೋಜನೆಯೊಂದು ಬಂದಿತ್ತು. ಪಂಚಾಯ್ತಿ ಕಟ್ಟಡದ ತಾರಸಿಯ ಮೇಲೆ ಮಳೆ ಅಳೆಯುವ ಡಬ್ಬಿ ಕೂರಿಸಿದರು. ಬಾವಿ, ಬೋರುಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ನೋಡಲು ಉದ್ದನೆಯ ಟೇಪು ಕೊಟ್ಟರು. ತಿಂಗಳಿಗೊಮ್ಮೆ ಅಳೆಯಬೇಕು, ಅಳೆದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಬರೆಸಬೇಕು, ಗ್ರಾಮಸಭೆ ಕರೆದು ಇರುವ ನೀರೆಷ್ಟು, ಎತ್ತಬಹುದಾದದ್ದೆಷ್ಟು ಎಂದು ಜನರಿಗೆ ತಿಳಿಸಬೇಕು. ಓದಿದ ಕೂಡಲೇ ನನಗೆ ಹಿಡಿಸಿಬಿಟ್ಟಿತು. ಸರ್ಕಾರದ ಸುತ್ತೋಲೆಯೊಂದು ಅಷ್ಟು ಸರಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಳತೆಗೆ ನನ್ನ ಜೊತೆಗಾರ ಕರಿಯಪ್ಪ, ಪಂಚಾಯ್ತಿಯ ನೀರುಗಂಟಿ. ಊರಿನ ಮೋಟರು, ವಾಲ್ವು, ಟ್ಯಾಂಕು ಎಲ್ಲ ಅವನ ಕೈಯಲ್ಲಿ. ಐವತ್ತೈದರ ಮನುಷ್ಯ, ಹೆಚ್ಚು ಮಾತಿಲ್ಲ, ಆಡಿದರೆ ಕುಟುಕದೆ ಬಿಡುವವನಲ್ಲ. ಮಳೆ ಡಬ್ಬಿಯನ್ನು ತಿಂಗಳು ನೋಡಿದ ಮೇಲೆ ಒಂದು ದಿನ ಬಂದು, "ಮೇಡಂ, ಡಬ್ಬಿ ಒಳಗೆ ಮಳೆಗಿಂತ ಕಾಗೆ ಹಿಕ್ಕೇನೇ ಜಾಸ್ತಿ ಬಿದ್ದೈತೆ. ಅದುನ್ನೂ ಬರ್ಕೊಬೇಕಾ?" ಎಂದ. ಆ ಸೀಮೆಯೇ ಹಾಗೆ. ಬಾಬಾಬುಡನ್ ಗಿರಿಯ ಮೇಲೆ ಮೋಡ ಕವಿದು ಕಪ್ಪಾಗುವುದು ಊರ ಬಾಗಿಲಿಗೇ ಕಾಣುತ್ತದೆ. ಮಳೆ ಅಲ್ಲೇ ಸುರಿದು ಮುಗಿಯುತ್ತದೆ, ಇಲ್ಲಿಗೆ ಬರುವುದು ಗಾಳಿ ಮಾತ್ರ.

ಅಲ್ಲಿನ ಜನರಲ್ಲಿ ಒಂದು ಪದ್ಧತಿ ಇತ್ತು. ತಮ್ಮ ಬಾವಿಯಲ್ಲಿ, ಬೋರಿನಲ್ಲಿ ಎಷ್ಟು ನೀರಿದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪೈಪು ತುಂಬಿ ಚಿಮ್ಮುತ್ತಿದ್ದರೂ "ಏನೋ ನಡೀತೈತೆ ಕಣ್ರೀ" ಅನ್ನುವರು. ಬರೀ ಗಾಳಿ ಬರುತ್ತಿದ್ದರೂ ಅದೇ ಮಾತು. ಕೇಳುವವರೂ ಅಷ್ಟಕ್ಕೇ ಸುಮ್ಮನಾಗುವರು. ಕರೆಯುವ ಹಸುವಿನ ಹಾಲನ್ನು ಎಷ್ಟು ಸೇರು ಎಂದು ಕೇಳಬಾರದಲ್ಲ, ಹಾಗೆ. ನನಗೆ ಇದೆಲ್ಲ ಮೂಢನಂಬಿಕೆ ಅನ್ನಿಸಿತು. ಲೆಕ್ಕವನ್ನೇ ಹೇಳದವರು ನೀರನ್ನು ಹೇಗೆ ಉಳಿಸಿಯಾರು ಎಂದು ಕರಿಯಪ್ಪನ ಮುಂದೆ ದೊಡ್ಡ ಗಂಟಲಲ್ಲಿ ಹೇಳಿದ್ದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

ಅಳೆದ ಬೋರುಗಳಲ್ಲೆಲ್ಲ ಟೇಪು ಇಳಿಯುತ್ತಲೇ ಹೋಗುತ್ತಿತ್ತು, ಕೆಲವುಗಳಲ್ಲಿ ಟೇಪೇ ಮುಗಿಯುತ್ತಿತ್ತು. ಕೊನೆಗೆ ಹೋದದ್ದು ಊರಿನ ಸಣ್ಣ ಕೆರೆಯಾದ ಕಟ್ಟೆಯ ಕೆಳಗಿನ ಲಕ್ಕಮ್ಮನ ಹೊಲಕ್ಕೆ. ಅದು ಬೋರಲ್ಲ, ಕಲ್ಲು ಕಟ್ಟಿದ ತೆರೆದ ಬಾವಿ. ಇಪ್ಪತ್ತೆರಡು ಅಡಿಗೆ ಟೇಪಿನ ತುದಿಯ ಗುಂಡು ನೀರು ಮುಟ್ಟಿತು. ನನಗೆ ನಂಬಿಕೆಯಾಗದೆ ಎರಡನೇ ಸಲ ಇಳಿಸಿದೆ. ಇಪ್ಪತ್ತೆರಡೇ.

ಲಕ್ಕಮ್ಮನಿಗೆ ಅರವತ್ತರ ಆಸುಪಾಸು. ಮಗಳನ್ನು ಎಮ್ಮೆದೊಡ್ಡಿ ಕಡೆ ಕೊಟ್ಟಿದ್ದಳು. ಒಂದು ಎಕರೆಯಲ್ಲಿ ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆದು ಸಿಂಗಟಗೆರೆ ಸಂತೆಗೆ ತಾನೇ ಹೊತ್ತುಕೊಂಡು ಹೋಗುತ್ತಿದ್ದಳು. ಅವಳ ಬಾವಿಯಲ್ಲಿ ನೀರು ಸುಮ್ಮನೆ ನಿಂತಿರಲಿಲ್ಲ. ಕಟ್ಟೆಯಿಂದ ಬಾವಿಯ ಕಡೆಗೆ ಒಂದು ಸಣ್ಣ ಕಾಲುವೆ ಇತ್ತು, ಪ್ರತಿ ವರ್ಷ ಬೇಸಿಗೆಯಲ್ಲಿ ತಾನೇ ಗುದ್ದಲಿ ಹಿಡಿದು ಅದರ ಹೂಳು ತೆಗೆಯುವಳು. ಮೋಟರನ್ನು ದಿನ ಬಿಟ್ಟು ದಿನ ಮಾತ್ರ ಹಾಕುವಳು. ಯಾಕೆ ಎಂದು ಕೇಳಿದ್ದಕ್ಕೆ, "ನಿಮ್ಮ ಆಪೀಸಿಗೆ ಭಾನುವಾರ ರಜ ಐತೆ, ನಮ್ಮ ಬಾವಿಗೆ ಬ್ಯಾಡ್ವಾ?" ಎಂದಳು. ಪಕ್ಕದ ಕೆಳಗಲಹಟ್ಟಿಗೆ ನಲ್ಲಿ ನೀರು ಕೈಕೊಟ್ಟಾಗ ಹೆಂಗಸರು ಕೊಡ ಹಿಡಿದು ಇವಳ ಬಾವಿಗೇ ಬರುತ್ತಿದ್ದರು, ಯಾರನ್ನೂ ಬೇಡ ಅಂದವಳಲ್ಲ. ನಮ್ಮ ಯೋಜನೆಯ ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಪುಸ್ತಕ ಓದದೆ ಮಾಡಿಕೊಂಡಿದ್ದಳು ಪುಣ್ಯಾತ್ಗಿತ್ತಿ.

ನಾನು ಅಳತೆ ಬರೆದುಕೊಳ್ಳುವುದನ್ನು ನೋಡಿ ಹತ್ತಿರ ಬಂದಳು.

"ಅಳೆದ್ಕೊಳ್ಳಿ ಮೇಡಂ, ಬ್ಯಾಡ ಅನ್ನಲ್ಲ. ಗ್ವಾಡೆ ಮ್ಯಾಲೆ ಮಾತ್ರ ಬರೀಬ್ಯಾಡಿ."

"ಯಾಕಮ್ಮ? ದೃಷ್ಟಿ ತಾಗುತ್ತಾ?" ನಕ್ಕೆ.

"ನಗಬ್ಯಾಡಿ. ದೃಷ್ಟಿನೋ ಏನೋ ನಂಗೊತ್ತಿಲ್ಲ. ಬಾವಿ ವಿಸ್ಯ ಬಾಯಲ್ಲಿ ಆಡಬಾರ್ದು ಅಂತ ನಮ್ಮತ್ತೆ ಹೇಳವ್ರೆ. ಅಷ್ಟೇ ನಂಗೆ ಗೊತ್ತಿರಾದು."

"ಇದು ಸರ್ಕಾರದ ಲೆಕ್ಕ ಕಣಮ್ಮ, ಮುಚ್ಚಿಡೋ ಹಾಗಿಲ್ಲ. ನಿಮ್ಮ ಬಾವಿ ನೋಡಿ ನಾಲ್ಕು ಜನ ಕಲೀಲಿ. ಎಲ್ಲರೂ ನಿಮ್ಮ ಹಾಗೇ ಹಿಡಿತವಾಗಿ ಬಳಸಿದ್ರೆ ಊರಿಗೇ ಒಳ್ಳೇದಲ್ವಾ?"

ಅವಳು ನನ್ನ ಮುಖ ನೋಡಿದಳು. "ನೀವು ಓದಿರೋರು. ನಿಮ್ಮಿಷ್ಟ" ಎಂದು ಸೊಪ್ಪಿನ ಮಡಿಗೆ ಹಿಂತಿರುಗಿದಳು.

ವಾಪಸು ಬರುವ ದಾರಿಯಲ್ಲಿ ಕರಿಯಪ್ಪನೂ ರಾಗ ಎಳೆದ. "ಅದೊಂದು ಬಿಟ್ಬಿಡಾಣ ಮೇಡಂ. ಮರ್ತೋಯ್ತು ಅಂದ್ರಾಯ್ತು. ಯಾರ್ ಕೇಳ್ತಾರೆ?" ನನಗೆ ಸಿಟ್ಟು ಬಂತು. ಮರೆತೆ ಅನ್ನುವುದು, ಬಿಟ್ಟುಹೋಯಿತು ಅನ್ನುವುದು, ಇದರಿಂದಲೇ ನಮ್ಮ ಪಂಚಾಯ್ತಿಗಳು ಹಾಳಾಗಿರುವುದು ಎಂದು ಅವನಿಗೆ ಬಸ್ ಸ್ಟಾಪಿನವರೆಗೂ ಬೈದೆ. ಮಾರನೆಯ ದಿನ ಅದೇ ಬಸ್ ಸ್ಟಾಪಿನ ಎದುರಿಗಿರುವ ಶಾಲೆಯ ಕಾಂಪೌಂಡಿಗೆ ನೀಲಿ ಬಣ್ಣ ಬಳಿಸಿ, ಬಿಳಿ ಅಕ್ಷರದಲ್ಲಿ ಯಾರ ಜಮೀನು, ಎಷ್ಟು ಅಡಿ ಎಂದು ಬರೆಸಿದೆ. ಎಲ್ಲಕ್ಕಿಂತ ಕೆಳಗೆ ಲಕ್ಕಮ್ಮನ ಹೆಸರು, ಎದುರಿಗೆ ಇಪ್ಪತ್ತೆರಡು. ಫೋಟೋ ತೆಗೆದು ಮೇಲಕ್ಕೆ ಕಳಿಸಿದೆ. ಕಡೂರಿನ ಸಭೆಯಲ್ಲಿ ನನ್ನ ಗೋಡೆಯನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ತಟ್ಟಿಸಿದರು. ನಾನು ಹಿಗ್ಗಿ ಹೀರೇಕಾಯಿಯಾದೆ, ಸುಳ್ಳು ಯಾಕೆ ಹೇಳಲಿ.

ಯುಗಾದಿ ಕಳೆದ ಮೇಲೆ ಗ್ರಾಮಸಭೆ ಕರೆದೆವು. ಮನೆ ಹಂಚುವ ವಿಷಯ ಇದ್ದರೆ ಮಾತ್ರ ತುಂಬುತ್ತಿದ್ದ ಸಭೆ ಅವತ್ತು ನೀರಿನ ವಿಷಯಕ್ಕೇ ತುಂಬಿತ್ತು. ಜಗಲಿಯ ಮೇಲೆ, ಹೊಂಗೆ ಮರದ ಬುಡದಲ್ಲಿ, ಬೈಕುಗಳ ಮೇಲೆ ಜನ. ಜನರಿಗೆ ಅರಿವು ಬಂತು ಎಂದುಕೊಂಡೆ. ಅಡಿಕೆ ಹಾಕಬೇಡಿ, ಹನಿ ನೀರಾವರಿ ಮಾಡಿ, ಬದು ಹಾಕಿ, ಇಂಗುಗುಂಡಿ ತೋಡಿ ಎಂದು ಒಂದು ಗಂಟೆ ಮಾತಾಡಿದೆ. ಯಾರೂ ಆಕಳಿಸಲಿಲ್ಲ. ಕೊನೆಗೆ ಓಂಕಾರಪ್ಪ ಎದ್ದು ನಿಂತ. ಲಕ್ಕಮ್ಮನ ಹೊಲದ ಪಕ್ಕದವನು, ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಿದ್ದವನು, ಸಂಭಾವಿತ ಮನುಷ್ಯ.

"ಮೇಡಂ, ಲಕ್ಕಮ್ಮಾರ ಬಾವೀಲಿ ಅಷ್ಟು ಮ್ಯಾಲೇ ನೀರೈತಾ? ದಿಟವಾ?"

ದಿಟ ಎಂದೆ. ಅಷ್ಟಕ್ಕೆ ನಿಲ್ಲಿಸಬಾರದಾಗಿತ್ತೇ ನನ್ನ ಬಾಯಿ? ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದೆ. ಕಟ್ಟೆಯ ನೀರು ಬಂಡೆಯ ಬಿರುಕಿನಲ್ಲಿ ಹೇಗೆ ಇಳಿಯುತ್ತದೆ, ಆ ಬಿರುಕು ಕಟ್ಟೆಯ ಕೆಳಗೆ ಯಾವ ದಿಕ್ಕಿಗೆ ಹೋಗಿರಬಹುದು ಎಂದು ಕೈ ಚಾಚಿ ತೋರಿಸಿದೆ. ಇಡೀ ಸಭೆಯ ತಲೆಗಳು ನನ್ನ ಕೈಯ ದಿಕ್ಕಿಗೆ ತಿರುಗಿದವು. ಹಿಂದಿನ ಸಾಲಿನಲ್ಲಿದ್ದ ಲಕ್ಕಮ್ಮ ಎದ್ದು ಸೀರೆ ಕೊಡವಿಕೊಂಡು ಹೊರಟುಹೋದಳು. ಅವಳಿಗೆ ಹೊಲದಲ್ಲಿ ಕೆಲಸ ಇರಬೇಕು ಅಂದುಕೊಂಡೆ.

ನಾಲ್ಕು ದಿನ ಕಳೆದು ಬಸ್ಸಿಳಿದಾಗ ಗೋಡೆಯ ಮುಂದೆ ಒಬ್ಬ ಪರಸ್ಥಳದವನು ನಿಂತು ಚೀಟಿಯಲ್ಲಿ ಅಳತೆ ಬರೆದುಕೊಳ್ಳುತ್ತಿದ್ದ. ಯಾವುದೋ ಇಲಾಖೆಯವನೆಂದು ನಮಸ್ಕಾರ ಮಾಡಿದೆ. ಅಲ್ಲೇ ಕಾಯುತ್ತಿದ್ದ ಕರಿಯಪ್ಪ ಹತ್ತಿರ ಬಂದು, "ಪಾಯಿಂಟ್ ನೋಡೋನು ಮೇಡಂ" ಎಂದ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರಲ್ಲ, ಎಲ್ಲಿ ಕಾಯಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು ಎನ್ನುತ್ತಾರಲ್ಲ, ಅವನು. ಚೀಟಿ ಜೇಬಿಗೆ ಹಾಕಿಕೊಂಡು ಓಂಕಾರಪ್ಪನ ಬೈಕು ಹತ್ತಿ ಹೋದ. ಅವತ್ತು ಕಾಯಿ ಎದ್ದು ನಿಂತದ್ದು ಎಲ್ಲಿ ಅಂತೀರಿ? ಲಕ್ಕಮ್ಮನ ಬಾವಿಯಿಂದ ಒಂದು ಕೂಗಳತೆ ದೂರದಲ್ಲಿ, ಬದುವಿನ ಆಚೆ, ಓಂಕಾರಪ್ಪನ ಹೊಲದಲ್ಲಿ.

ಆ ತಾಲ್ಲೂಕಿನಲ್ಲಿ ಬೋರ್ ಕೊರೆಸಲು ಮೊದಲು ಅರ್ಜಿ ಹಾಕಬೇಕು, ಅಪ್ಪಣೆ ಬಂದ ಮೇಲೆ ಲಾರಿ ತರಬೇಕು. ಓಂಕಾರಪ್ಪನ ಹೊಲಕ್ಕೆ ಲಾರಿ ಮೊದಲು ಬಂತು. ನಾನು ಬಿಸಿಲಲ್ಲಿ ಓಡಿ ಹೋಗುವಷ್ಟರಲ್ಲಿ ಕೆಸರು ನೀರು ತೆಂಗಿನ ಗರಿಯ ಎತ್ತರಕ್ಕೆ ಹಾರುತ್ತಿತ್ತು, ಹೆಂಗಸರು ಅರಿಶಿನ ಕುಂಕುಮ ಹಿಡಿದು ನಿಂತಿದ್ದರು.

"ಅಪ್ಪಣೆ ಎಲ್ಲಿ ಓಂಕಾರಪ್ಪನೋರೇ?"

"ಹಾಕ್ತೀನಿ ಮೇಡಂ, ಅರ್ಜಿ ಹಾಕ್ತೀನಿ. ಸಿಟ್ಟು ಮಾಡ್ಕೊಬ್ಯಾಡಿ. ನಾನೇನು ಕದ್ದೆನಾ? ಗ್ವಾಡೆ ಮ್ಯಾಲೆ ನೀವೇ ಬರ್ಸಿದ್ರಿ, ಕೈ ಮಾಡಿ ನೀವೇ ತೋರ್ಸಿದ್ರಿ. ನಿಮ್ಮ ಹೆಸ್ರು ಹೇಳಿ ಮೊದ್ಲ ಕಾಯಿ ಒಡ್ದಿದೀನಿ ನೋಡಿ."

ಅವನ ಕಣ್ಣಲ್ಲಿ ನೀರಿತ್ತು, ನಿಜವಾದ ಕೃತಜ್ಞತೆ. ಅವನನ್ನು ಬೈಯಲು ಹೋದವಳು ತೆಂಗಿನಕಾಯಿ ಹೋಳು ಕೈಯಲ್ಲಿ ಹಿಡಿದು ವಾಪಸು ಬಂದೆ.

ಆಮೇಲೆ ಒಂದರ ಹಿಂದೆ ಒಂದು ಲಾರಿ. ಕಟ್ಟೆಯ ಕೆಳಗಿನ ಹೊಲಗಳಲ್ಲೆಲ್ಲ ಬೂದು ಹಿಟ್ಟು. ಎಲ್ಲರಿಗೂ ನೋಟಿಸು ಕೊಟ್ಟೆ. ಎಲ್ಲರಿಂದಲೂ ಒಂದೇ ಒಕ್ಕಣೆಯ ಉತ್ತರ ಬಂತು, ಹಳೆಯ ಬೋರನ್ನೇ ಮತ್ತೆ ಕೊರೆಸಿದ್ದೇವೆ ಎಂದು. ಅಲ್ಲಿ ಹಳೆಯ ಬೋರು ಇದ್ದದ್ದನ್ನು ಕಂಡವರೇ ಇಲ್ಲ. ಮೇಲಿನವರಿಗೆ ಕ್ರಮ ಕೈಗೊಳ್ಳಿ ಎಂದು ಬರೆದೆ. ಕ್ರಮ ಕೈಗೊಂಡು ವರದಿ ಸಲ್ಲಿಸಿ ಎಂದು ಅವರು ನನಗೇ ಬರೆದರು. ನಮ್ಮ ಅಧ್ಯಕ್ಷೆಯ ಬದಲಿಗೆ ಯಾವಾಗಲೂ ಅವರ ಗಂಡನೇ ಕುರ್ಚಿಯಲ್ಲಿ ಕೂರುತ್ತಿದ್ದರು, ಅವರೂ ಕೊರೆಸಿದರು. ಕೇಳಲು ಹೋದರೆ, "ಅಲ್ಲ ಮೇಡಂ, ಎಲ್ಲಾರೂ ಕೊರ್ಸಿದ್ಮೇಲೆ ನಾನೊಬ್ಬ ಸುಮ್ನಿದ್ರೆ ನೀರು ಉಳೀತೈತಾ? ನನ್ನ ಪಾಲು ಅವ್ರ ತ್ವಾಟಕ್ಕೆ ಹೋಯ್ತೈತೆ, ಅಷ್ಟೇಯ" ಎಂದರು. ಇದಕ್ಕೆ ಉತ್ತರ ನನ್ನ ಪುಸ್ತಕದಲ್ಲಿ ಇರಲಿಲ್ಲ, ಇವತ್ತಿಗೂ ನನಗೆ ಸಿಕ್ಕಿಲ್ಲ.

ಭರಣಿ ಮಳೆ ಸುಮ್ಮನೆ ಹೋಯಿತು. ರೋಹಿಣಿಯಲ್ಲಿ ನಾಲ್ಕು ಹನಿ ಬಿದ್ದು ಧೂಳು ಮಾತ್ರ ಅಡಗಿತು. ಬಾವಿಯ ಅಳತೆ ಇಪ್ಪತ್ತೆರಡು ಇದ್ದದ್ದು ಇಪ್ಪತ್ತೇಳಾಯಿತು, ಮುಂದಿನ ತಿಂಗಳು ಮೂವತ್ತೈದು. ಒಂದು ಬೆಳಿಗ್ಗೆ ಲಕ್ಕಮ್ಮ ಕಚೇರಿಗೆ ಬಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಮೋಟ್ರು ಮೂರು ದಿನಕ್ಕೊಂದ್ ದಪ ಹಾಕ್ತಾವ್ನಿ ಕಣವ್ವ. ಆದ್ರೂ ಇಳೀತೈತೆ. ನಾನು ಬಿಟ್ಟಿದ್ದು ಬಾವೀಲಿ ನಿಲ್ತಿಲ್ಲ. ಏನಾರ ದಾರಿ ಐತಾ ನೋಡಿ. ಬಾವಿ ಹೋದ್ರೆ ನಂಗೆ ಬ್ಯಾರೆ ಏನೈತೆ?"

ನಾನು ಎರಡು ದಿನ ಕಾಯ್ದೆ ಪುಸ್ತಕ ತಿರುವಿದೆ. ಒಂದು ಸಾಲು ಸಿಕ್ಕಿತು. ಸಾರ್ವಜನಿಕರ ಕುಡಿಯುವ ನೀರಿನ ಮೂಲದಿಂದ ಐನೂರು ಮೀಟರ್ ಒಳಗೆ ಬೇರೆ ಯಾರೂ ಬೋರ್ ಕೊರೆಯುವಂತಿಲ್ಲ. ಸಿಕ್ಕಿತಲ್ಲ ದಾರಿ ಎಂದು ಮೇಜು ಕುಟ್ಟಿದೆ. ಲಕ್ಕಮ್ಮನ ಬಾವಿಯನ್ನೇ ಕುಡಿಯುವ ನೀರಿನ ಮೂಲ ಎಂದು ಠರಾವು ಮಾಡಿಸೋಣ ಎಂದರೆ, ಎಂಜಿನಿಯರು ತಲೆಯಾಡಿಸಿದರು. ತೆರೆದ ಬಾವಿಯ ನೀರನ್ನು ಕುಡಿಯಲು ಕೊಡುವಂತಿಲ್ಲವಂತೆ. ಪಕ್ಕದಲ್ಲೇ ಪಂಚಾಯ್ತಿಯದೊಂದು ಬೋರ್ ಇದ್ದರೆ ಕಾನೂನು ತಾನಾಗಿ ಅನ್ವಯಿಸುತ್ತದೆ, ಹಟ್ಟಿಗೂ ನೀರಾಗುತ್ತದೆ ಎಂದರು. ಪಂಚಾಯ್ತಿ ಸಭೆಯಲ್ಲಿ ಸದಸ್ಯರೆಲ್ಲ ಒಟ್ಟಿಗೇ ಕೈ ಎತ್ತಿದರು. ಬಾವಿ ಉಳಿಸಲು ಬಾವಿಯ ಪಕ್ಕ ಬೋರ್! ಆಗ ನನಗೆ ಇದು ಹುಚ್ಚು ಅನ್ನಿಸಲಿಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗಿ ಕೂರುತ್ತಿತ್ತು.

ಜಾಗ ಬಿಟ್ಟುಕೊಡಲು ಲಕ್ಕಮ್ಮನನ್ನು ಒಪ್ಪಿಸಿದವಳು ನಾನೇ. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಕೊರೆಯುವಾಗ ಕಲ್ಲಿನ ಹಿಟ್ಟು ಹಾರಿ ಸಬ್ಬಸಿಗೆ ಮಡಿಯ ಮೇಲೆಲ್ಲ ಕೂತಿತು. ಸೆರಗಿನಿಂದ ಸೊಪ್ಪನ್ನು ಒರೆಸುತ್ತಾ ಕೂತಿದ್ದವಳು ನೀರು ಚಿಮ್ಮಿದ ಕೂಡಲೇ ಎದ್ದು ನನ್ನ ಹತ್ತಿರ ಬಂದಳು. ಆ ಹಸಿ ವಾಸನೆಯ ನಡುವೆ ಅವಳ ಮುಖ ಅರಳಿತ್ತು.

"ಇನ್ಮ್ಯಾಲೆ ಇಲ್ಲಿಗೆ ಯಾರೂ ಬರಂಗಿಲ್ಲ, ಅಲ್ವೇನವ್ವ?"

"ಬರೋ ಹಾಗಿಲ್ಲಮ್ಮ. ಕಾನೂನಿದೆ" ಎಂದೆ.

ಯಾರೂ ಬರಲಿಲ್ಲ, ಅದೇನೋ ನಿಜ. ಬರುವವರೆಲ್ಲ ಆಗಲೇ ಬಂದಾಗಿತ್ತು. ಕಾನೂನು ಹೊಸ ಬೋರನ್ನು ತಡೆಯುತ್ತದೆ, ಕೊರೆದಾಗಿರುವುದನ್ನು ಮುಟ್ಟುವುದಿಲ್ಲ. ಅವುಗಳ ಜೊತೆಗೆ ಈಗ ನಮ್ಮದೂ ಒಂದು ಸೇರಿತು, ಎಲ್ಲಕ್ಕಿಂತ ಬಾವಿಗೆ ಹತ್ತಿರದ್ದು, ಎಲ್ಲಕ್ಕಿಂತ ದೊಡ್ಡ ಮೋಟರಿನದ್ದು. ಮೊದಲು ಕೆಳಗಲಹಟ್ಟಿಗೆ ಮಾತ್ರ ಎಂದಿದ್ದ ನೀರನ್ನು ಮೇಲಿನ ಹಟ್ಟಿಯವರೂ ಕೇಳಿದರು, ಕೊಟ್ಟೆವು. ಕುಡಿಯುವ ನೀರಿಗೆ ಇಲ್ಲ ಅನ್ನುವುದು ಹೇಗೆ? ಬೆಳಗಿನಿಂದ ಸಂಜೆಯವರೆಗೆ ಮೋಟರು ಓಡಿತು. ಶ್ರಾವಣ ಕಳೆಯುವ ಹೊತ್ತಿಗೆ ನಾವು ಬಾವಿ ಅಳೆಯಲು ಹೋದಾಗ ಟೇಪಿನ ಗುಂಡು ಟಣ್ ಎಂದು ಕಲ್ಲಿಗೆ ಬಡಿಯಿತು. ಕರಿಯಪ್ಪ ಟೇಪನ್ನು ಇನ್ನೊಂದು ಮೂಲೆಗೆ ಇಳಿಸಿದ. ಅಲ್ಲೂ ಕಲ್ಲು.

"ನಮ್ಮ ಬೋರ್ ನಿಲ್ಸಿಬಿಡೋಣವಾ ಕರಿಯಪ್ಪ?"

"ನಿಲ್ಸಿ. ಹಟ್ಟಿ ಹೆಣ್ಮಕ್ಳಿಗೆ ನೀವೇ ಹೋಗಿ ಹೇಳಿ" ಎಂದ. ಆಮೇಲೆ ಟೇಪು ಸುತ್ತುತ್ತಾ, "ನಿಲ್ಸಿದ್ರೂ ಬಾವಿಗೆ ಬರಲ್ಲ ಬುಡಿ ಮೇಡಂ. ಸುತ್ತಲೂ ಎಳೀತಾ ಅವ್ರೆ" ಎಂದ. ಅವನ ದನಿಯಲ್ಲಿ ಕುಟುಕು ಇರಲಿಲ್ಲ. ಕುಟುಕಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಲಕ್ಕಮ್ಮ ಬಾವಿಯ ಕಟ್ಟೆಯ ಮೇಲೆ ಕೂತು ಒಳಗೆ ಇಣುಕುತ್ತಿದ್ದಳು. ಹಸ್ತ, ಚಿತ್ತೆ ಮಳೆಗಳಲ್ಲೂ ಮೋಡ ಗಿರಿಯ ಕಡೆಯೇ ಉಳಿಯಿತು.

ಅದರ ಮುಂದಿನ ಬೇಸಿಗೆಗೆ ಮೊದಲೇ ನನಗೆ ವರ್ಗವಾಯಿತು. ಹೊರಡುವ ದಿನ ಮಧ್ಯಾಹ್ನ ಲಕ್ಕಮ್ಮನನ್ನು ನೋಡಿ ಬರೋಣ ಎಂದು ಕಟ್ಟೆಯ ಕೆಳಗೆ ಇಳಿದೆ. ಸೊಪ್ಪಿನ ಮಡಿಗಳು ಬಿರಿದಿದ್ದವು, ಮೋಟರು ಬಿಚ್ಚಿ ಯಾರಿಗೋ ಕೊಟ್ಟಾಗಿತ್ತು. ಕೂಗಿದೆ. ಉತ್ತರ ಬಂದದ್ದು ಬದುವಿನ ಆಚೆಯಿಂದ. ಓಂಕಾರಪ್ಪ ರಾಗಿಯ ಹೊಲದಲ್ಲಿ ಅಡಿಕೆ ಸಸಿ ಹಾಕಿದ್ದ. ಸಾಲಿನ ನಡುವೆ ನಾಲ್ಕು ಹೆಂಗಸರ ಜೊತೆ ಲಕ್ಕಮ್ಮ ಕಳೆ ಕೀಳುತ್ತಿದ್ದಳು, ಕೂಲಿಗೆ.

"ಹೊಂಟ್ರಾ ಮೇಡಂ? ಬಿಸ್ಲಲ್ಲಿ ಯಾಕೆ ಬರಾಕೆ ಹೋದ್ರಿ" ಎಂದು ಎದ್ದಳು. ಕೈಯ ಮಣ್ಣು ಕೊಡವಿ, ಸಾಲಿನ ತುದಿಯಲ್ಲಿ ಹರಿಯುತ್ತಿದ್ದ ಪೈಪಿನ ಬಾಯಿಗೆ ಚೊಂಬು ಹಿಡಿದು ತುಂಬಿ ತಂದಳು. ನಾನು ಬೇಡ ಎಂದು ಹಿಂದೆ ಸರಿದೆ. ಪರರ ತೋಟದ ನೀರು ಎಂದು ನಾನು ಸಂಕೋಚ ಪಡುತ್ತಿದ್ದೇನೆ ಅಂದುಕೊಂಡಳು.

"ಕುಡೀರಿ, ಏನೂ ಅನ್ಕೊಬ್ಯಾಡಿ" ಎಂದಳು. "ನಮ್ಮ ಬಾವೀದೇ."

ಬಾಯಾರಿತ್ತು. ಕುಡಿದೆ.